ಅಣ್ಣ ನಾರ್ಸಿಸಿಸ್ಟ್ ಅಂತೆ, ಅತ್ತಿಗೆ ಬಾರ್ಡರ್‌ಲೈನ್ ಅಂತೆ: ಇದರ ತಲೆಬುಡ ತಿಳಿದವರು ಹೇಳಿ

ಹುಲೇಕಲ್_ಮಾಣಿ
ನಮಸ್ಕಾರ. ಹೆಸರು ಬೇಡ, ಶಿರಸಿ ಸುತ್ತಮುತ್ತ ಅಂದ್ರೆ ಸಾಕು. ಈ ಮಳೆಗಾಲದಿಂದ ನಮ್ಮನೇಲಿ ಹೊಸ ಥರದ ಜಗಳ ಶುರುವಾಗಿದೆ. ಅತ್ತಿಗೆ ಯಾವುದೋ ರೀಲ್ಸ್ ನೋಡಿ ಅಣ್ಣನಿಗೆ ‘ನೀವು ನಾರ್ಸಿಸಿಸ್ಟ್’ ಅಂದ್ರು. ಅಣ್ಣ ಬಿಡ್ತಾನಾ? ಅವನೂ ಮೊಬೈಲ್ ಹಿಡಿದು ಕೂತು ‘ಹಾಗಾದ್ರೆ ನೀನು ಬಾರ್ಡರ್‌ಲೈನ್’ ಅಂದ. ಈಗ ಏನೇ ಮಾತು ಬಂದ್ರೂ ಇವೆರಡೇ. ಆಯಿ ನನ್ನನ್ನ ಮೂಲೆಗೆ ಕರೆದು ‘ಅದೆಂತ ಕಾಯ್ಲೆನಾ, ಹರಡ್ತಾ?’ ಅಂತ ಕೇಳ್ತಾಳೆ.

ನಾನು ನೋಡಿದ್ದು ಹೇಳ್ತೇನೆ. ಮೊನ್ನೆ ಸತ್ಯನಾರಾಯಣ ಪೂಜೆ ಇತ್ತು. ಊಟದ ಪಂಕ್ತಿಯಲ್ಲಿ ಯಾರೋ ಚಿಕ್ಕಪ್ಪನ ಮಗ ತೋಟಕ್ಕೆ ಮಾಡಿದ ಡ್ರಿಪ್ ವ್ಯವಸ್ಥೆಯನ್ನ ಹೊಗಳಿದ್ರು. ಅಣ್ಣ ‘ಅವನಿಗೆ ಹೇಳಿಕೊಟ್ಟವ ಯಾರು ಕೇಳಿ’ ಅಂದ. ಯಾರೂ ಕೇಳಲಿಲ್ಲ. ಹೋಳಿಗೆ ಬರೋದ್ರೊಳಗೆ ಬಾಳೆ ಮಡಚಿ ಪಂಕ್ತಿ ನಡುವೆಯೇ ಎದ್ದು ಹೋದ. ಆಮೇಲೆ ಎರಡು ದಿನ ಅತ್ತಿಗೆ ಹತ್ರ ಮಾತಿಲ್ಲ. ಅವರು ಮಾಡಿದ್ದೆಂತ? ಏನೂ ಇಲ್ಲ.

ಅತ್ತಿಗೆದು ಇನ್ನೊಂದು. ಅಣ್ಣ ಅಡಿಕೆ ಹಾಕೋಕೆ ಪೇಟೆಗೆ ಹೋಗಿ ಫೋನ್ ಎತ್ತದೇ ಇದ್ರೆ ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್. ಆಮೇಲೆ ತವರಿಗೆ ಹೊರಟೆ ಅಂತ ಬ್ಯಾಗ್ ತುಂಬೋದು. ಅವ ಬಂದು ಎರಡು ಒಳ್ಳೆ ಮಾತಾಡಿದ ಕೂಡ್ಲೇ ‘ನಿಮ್ಮಂಥವರು ಯಾರಿದಾರೆ’. ಮಾರನೇ ದಿನ ಅದೇ ಅಣ್ಣ ರಾಕ್ಷಸ. ಮುಂಗೈ ಒಳಬದಿಗೆ ಗಾಯದ ಗೆರೆಗಳಿದ್ವು, ಕೇಳಿದ್ರೆ ಬಳೆ ತಾಗಿದ್ದು ಅಂದ್ರು.

ನಿಜಕ್ಕೂ ಇವು ಕಾಯಿಲೆಯಾ, ಸ್ವಭಾವವಾ? ಯಾರಿಗೆ ತೋರಿಸೋದು?

ಕವಳದ_ತಟ್ಟೆ
ಮೊದಲು ಮನೆ ವೈಫೈ ಕಿತ್ತುಹಾಕಿ. ಅರ್ಧ ವಾಸಿ.

ದೇವಿಮನೆ_ತಿರುವು
ನಮ್ಮ ಆಫೀಸಲ್ಲೂ ಇದೇ. ರಜೆ ಕೊಡದ ಮ್ಯಾನೇಜರ್ ನಾರ್ಸಿಸಿಸ್ಟ್, ಸಾಲ ವಾಪಸ್ ಕೇಳಿದ ಗೆಳೆಯ ನಾರ್ಸಿಸಿಸ್ಟ್. ಬಸ್ ನಿಲ್ಲಿಸದ ಡ್ರೈವರೂ ಸೇರಿ ಹೋಗ್ಲಿ.

ನೈಟ್‌ಡ್ಯೂಟಿ_ಅಕ್ಕ
ತಮಾಷೆ ಆಮೇಲೆ ಮಾಡಿ. ಮಾಣಿ, ನೀವು ಕೊನೇಲಿ ಬರೆದ ಸಾಲೇ ಮೊದಲು ನೋಡಬೇಕಾದ್ದು. ನಾನು ಆಸ್ಪತ್ರೆಯಲ್ಲಿ ನರ್ಸ್. ಮುಂಗೈ ಒಳಬದಿಗೆ ಸಾಲಾಗಿ ಗೆರೆ ಇದ್ರೆ ಅದು ಬಳೆ ತಾಗಿದ್ದಲ್ಲದೆ ಇರಬಹುದು. ನೀವು ವಿಚಾರಣೆ ಮಾಡೋಕೆ ಹೋಗ್ಬೇಡಿ. ಅವರು ನಂಬೋ ಹೆಂಗಸು ಯಾರಾದ್ರೂ ಒಬ್ರೇ ಇರುವಾಗ ಹತ್ರ ಕೂತು ‘ಸಾಯಬೇಕು ಅನ್ನಿಸ್ತಿದ್ಯಾ?’ ಅಂತ ನೇರ ಕೇಳಲಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗತ್ತೆ ಅನ್ನೋದು ಸುಳ್ಳು. ಹೌದು ಅಂದ್ರೆ ಒಬ್ರನ್ನೇ ಬಿಡಬೇಡಿ, ತೋಟದ ಔಷಧ, ಮಾತ್ರೆ ಡಬ್ಬಿ ಎಲ್ಲ ಕೈಗೆ ಸಿಗದ ಹಾಗೆ ಇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರ್ 14416. ಹಗಲು ರಾತ್ರಿ ಇರತ್ತೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ.

ಪೊಲೀಸ್ ಕೇಸ್ ಆಗತ್ತೆ ಅಂತ ಮುಚ್ಚಿಡೋರು ನಮ್ಮ ಬದಿಗೆ ಬಹಳ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಓದಿ. ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ರು ಅಂತಲೇ ತಿಳೀಬೇಕು, ಬೇರೆ ಸಾಬೀತಾಗದ ಹೊರತು ಶಿಕ್ಷೆ ಕೊಡುವಂತಿಲ್ಲ.

ಹುಲೇಕಲ್_ಮಾಣಿ
ಧನ್ಯವಾದ ಅಕ್ಕ. ನನ್ನ ಹೆಂಡತಿ ಅವರಿಗೆ ಹತ್ರ. ಇವತ್ತೇ ಹೇಳ್ತೇನೆ.

ಅಘನಾಶಿನಿ
ಸೈಕಾಲಜಿ ಎಂಎ ಮಾಡಿ ಈಗ ಕುಮಟಾದಲ್ಲಿ ಕೌನ್ಸೆಲಿಂಗ್ ಮಾಡ್ತೇನೆ. ಡಾಕ್ಟರ್ ಅಲ್ಲ, ಇಲ್ಲಿ ಕೂತು ನಿಮ್ಮ ಮನೆಯವರಿಗೆ ರೋಗದ ಹೆಸರು ಕೊಡೋದೂ ಇಲ್ಲ. ಆದ್ರೆ ಇವೆರಡು ಎಂತದು ಅಂತ ಹೇಳಬಹುದು.

ಎರಡೂ ವ್ಯಕ್ತಿತ್ವದ ತೊಂದರೆಗಳು, ಇಂಗ್ಲಿಷಲ್ಲಿ ಪರ್ಸನಾಲಿಟಿ ಡಿಸಾರ್ಡರ್. ಜ್ವರದ ಹಾಗೆ ನಡುವೆ ಬಂದು ಹೋಗೋದಲ್ಲ. ಹದಿಹರೆಯದ ಕೊನೆಗೋ ಇಪ್ಪತ್ತರ ಆಸುಪಾಸಿಗೋ ಶುರುವಾಗಿ ಮನೆ, ಕೆಲಸ, ಸ್ನೇಹ ಎಲ್ಲ ಕಡೆಗೂ ಕಾಣೋ ಒಂದು ವರಸೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ಎರಡಕ್ಕೂ ಒಂಬತ್ತೊಂಬತ್ತು ಲಕ್ಷಣ ಕೊಟ್ಟಿದಾರೆ. ಕನಿಷ್ಠ ಐದು ಇರಬೇಕು. ಜೊತೆಗೆ ಅದರಿಂದ ಬದುಕು ಕೆಟ್ಟಿರಬೇಕು ಅಥವಾ ಆ ವ್ಯಕ್ತಿ ನರಳ್ತಿರಬೇಕು. ರೀಲ್ಸ್‌ನವರು ನುಂಗೋದು ಈ ಎರಡನೇ ಷರತ್ತನ್ನೇ.

ಎನ್‌ಪಿಡಿ ಅಂದ್ರೆ ನಾರ್ಸಿಸಿಸ್ಟಿಕ್: ನಾನು ಎಲ್ಲರಿಗಿಂತ ಮೇಲೆ ಅನ್ನೋ ಭಾವ, ಹೊಗಳಿಕೆ ಇಲ್ಲದೆ ಇರೋಕಾಗದ ಸ್ಥಿತಿ, ನನಗೆ ವಿಶೇಷ ಮರ್ಯಾದೆ ಸಲ್ಲಲೇಬೇಕು ಅನ್ನೋ ಹಕ್ಕು, ಬೇರೆಯವರನ್ನ ಬಳಸಿಕೊಳ್ಳೋದು, ಅವರ ನೋವು ಮನಸ್ಸಿಗೆ ತಟ್ಟದೆ ಇರೋದು, ಅಸೂಯೆ. ಮೇಲಿಂದ ಇಷ್ಟು ಕಾಣತ್ತೆ. ಒಳಗೆ ಬಹಳ ಸಲ ಸ್ವಾಭಿಮಾನ ಎಷ್ಟು ಪೊಳ್ಳು ಅಂದ್ರೆ ಸಣ್ಣ ಟೀಕೆಯೂ ದೊಡ್ಡ ಅವಮಾನ. ಎಲ್ಲರೂ ಎದೆ ಉಬ್ಬಿಸಿ ತಿರುಗೋರಲ್ಲ. ಮುದುಡಿ ಕೂತು ‘ನನ್ನ ಬೆಲೆ ಯಾರಿಗೂ ಗೊತ್ತಿಲ್ಲ’ ಅಂತ ಕುದಿಯೋರೂ ಇದಾರೆ.

ಬಿಪಿಡಿ ಅಂದ್ರೆ ಬಾರ್ಡರ್‌ಲೈನ್: ಬಿಟ್ಟು ಹೋಗ್ತಾರೆ ಅನ್ನೋ ಭಯ, ಅದನ್ನ ತಪ್ಪಿಸೋಕೆ ಏನೇನೋ ಮಾಡೋದು, ಒಂದೇ ಮನುಷ್ಯ ಬೆಳಿಗ್ಗೆ ದೇವರು ಸಂಜೆ ದೆವ್ವ, ನಾನು ಯಾರು ಅನ್ನೋದೇ ಗಟ್ಟಿಯಿಲ್ಲ, ಯಾವಾಗ್ಲೂ ಖಾಲಿ ಖಾಲಿ, ಹಿಡಿತವಿಲ್ಲದ ಸಿಟ್ಟು, ದುಡುಕು, ಮೈಗೆ ಗಾಯ ಮಾಡಿಕೊಳ್ಳೋದು.

ಬಡಗುತಿಟ್ಟು
ಒಂಬತ್ತರಲ್ಲಿ ಐದಕ್ಕೆ ಪಾಸಾ? ಹಾಗಾದ್ರೆ ನಮ್ಮ ತಾಳಮದ್ದಲೆ ಅರ್ಥಧಾರಿಗಳು ಫಸ್ಟ್ ಕ್ಲಾಸಲ್ಲಿ ಪಾಸು. ಎದುರಿನವ ಚಂದ ಅರ್ಥ ಹೇಳಿ ಚಪ್ಪಾಳೆ ಗಿಟ್ಟಿಸಿದ್ರೆ ಇವರಿಗೆ ಆ ರಾತ್ರಿ ನಿದ್ದೆ ಇಲ್ಲ.

ಅಘನಾಶಿನಿ
ಬಡಗುತಿಟ್ಟು, ನಿಮ್ಮ ಉದಾಹರಣೆಯನ್ನೇ ಹಿಡೀತೇನೆ. ಕೌರವನ ವೇಷದವ ರಂಗಸ್ಥಳದಲ್ಲಿ ಎಷ್ಟೇ ಅಬ್ಬರಿಸಲಿ, ಚೌಕಿಗೆ ಬಂದು ಕಿರೀಟ ಬಿಚ್ಚಿದ ಮೇಲೆ ಚಾ ಕೊಟ್ಟ ಹುಡುಗನ ಹತ್ರ ಸಮಾ ಮಾತಾಡ್ತಾನೆ. ಕಿರೀಟ ಬಿಚ್ಚೋಕೇ ಬರದಿದ್ರೆ ಅದು ಡಿಸಾರ್ಡರ್. ಹೊಗಳಿಕೆ ಯಾರಿಗೆ ಬೇಡ ಹೇಳಿ? ಪ್ರಶ್ನೆ ಇರೋದು ಎಷ್ಟು, ಎಲ್ಲೆಲ್ಲಿ, ಅದಕ್ಕೆ ಯಾರು ಬೆಲೆ ತೆರ್ತಾ ಇದಾರೆ ಅನ್ನೋದು.

ಹಳೇ_ಸಂತೆಪೇಟೆ
ಇದೆಲ್ಲ ಬೆಂಗ್ಳೂರಿಂದ ಬಂದ ಹೊಸ ಕಾಯಿಲೆ. ನಮ್ಮ ಕಾಲದಲ್ಲಿ ನಲವತ್ತು ಜನರ ಕೂಡು ಕುಟುಂಬ, ಯಾರಿಗೆ ಇತ್ತು ಪರ್ಸನಾಲಿಟಿ?

ತದಡಿ_ಬೋಟ್
ಯಾರಿಗೂ ಪರ್ಸನಾಲಿಟಿ ಇರಲಿಲ್ಲ, ಯಜಮಾನರೊಬ್ಬರಿಗೆ ಬಿಟ್ಟು 😀

ಅಘನಾಶಿನಿ
ಹೊಸತಲ್ಲ ಸಾರ್. ಬಾರ್ಡರ್‌ಲೈನ್ ಅನ್ನೋ ಹೆಸರನ್ನ ಅಡಾಲ್ಫ್ ಸ್ಟರ್ನ್ ಅನ್ನೋ ವೈದ್ಯ 1938ರಲ್ಲೇ ಬಳಸಿದ್ದ. 1980ರ ಡಿಎಸ್‌ಎಂ ಮೂರನೇ ಆವೃತ್ತಿಯಲ್ಲಿ ಎರಡೂ ಅಧಿಕೃತವಾಗಿ ಸೇರಿದ್ವು. ಕೂಡು ಕುಟುಂಬದಲ್ಲಿ ಇಂಥವರು ಇರಲಿಲ್ಲ ಅಂತಲ್ಲ, ಒಬ್ಬರು ರೇಗಿದ್ರೆ ಸಮಾಧಾನ ಮಾಡೋಕೆ ಇನ್ನೊಬ್ಬರಿರ್ತಿದ್ರು. ಯಾರೂ ಇಲ್ಲದಿದ್ದವರು ಎಲ್ಲಿ ಹೋದ್ರು ಅನ್ನೋದು ಆ ಕಾಲದ ಬಾವಿಗಳಿಗೆ ಗೊತ್ತು.

ಹಳೇ_ಸಂತೆಪೇಟೆ
ಆ ಮಾತು ಬೇಡಾಗಿತ್ತು.

ಅಪ್ಪೆಮಿಡಿ
ನಮ್ಮ ಅತ್ತೆಗೂ ಮೂಡ್ ಏರುಪೇರು. ಲಿಥಿಯಂ ಮಾತ್ರೆ ತಗೊಳ್ತಾರೆ, ಆರಾಮಾಗಿದಾರೆ. ನಿಮ್ಮ ಅತ್ತಿಗೆಗೂ ಅದನ್ನೇ ಕೊಡಿಸಿ.

ನೈಟ್‌ಡ್ಯೂಟಿ_ಅಕ್ಕ
ಅಯ್ಯೋ ಬೇಡ! ಒಬ್ರ ಮಾತ್ರೆ ಇನ್ನೊಬ್ರಿಗೆ ಹೇಳೋದೇ ತಪ್ಪು, ಅದರಲ್ಲೂ ಲಿಥಿಯಂ ರಕ್ತದಲ್ಲಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸ್ತಾ ಇರಬೇಕಾದ ಔಷಧಿ. ನಿಮ್ಮ ಅತ್ತೆಗಿರೋದು ಬೈಪೋಲಾರ್ ಇರಬೇಕು. ಅದರಲ್ಲಿ ಉಬ್ಬರವೋ ಕುಸಿತವೋ ದಿನಗಟ್ಟಲೆ, ವಾರಗಟ್ಟಲೆ ನಿಲ್ಲತ್ತೆ. ಬಾರ್ಡರ್‌ಲೈನ್‌ನಲ್ಲಿ ಗಂಟೆ ಲೆಕ್ಕ, ಅದೂ ಹೆಚ್ಚಾಗಿ ಯಾರೋ ಏನೋ ಅಂದದ್ದಕ್ಕೆ, ಫೋನ್ ಎತ್ತದ್ದಕ್ಕೆ. ಎರಡೂ ಒಬ್ರಲ್ಲೇ ಇರೋದೂ ಉಂಟು, ಅದಕ್ಕೇ ಡಾಕ್ಟರ್ ನೋಡಬೇಕು ಅನ್ನೋದು. ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ.

ಕಾಳಿ_ಸೇತುವೆ
ಓದ್ತಾ ಓದ್ತಾ ಬರೀಲೋ ಬೇಡವೋ ಅಂತಿದ್ದೆ. ನಾನು ಕಾರವಾರದವಳು, ನನಗೆ ಬಿಪಿಡಿ ಅಂತ ಡಾಕ್ಟರೇ ಹೇಳಿದ್ದು, ರೀಲ್ಸ್ ಅಲ್ಲ.

ಹೊರಗಿಂದ ನಾಟಕ ಅಂತ ಕಾಣೋದು ಒಳಗೆ ಹೇಗಿರತ್ತೆ ಅಂತ ಹೇಳ್ತೇನೆ. ನಮ್ಮನೆಯವರದ್ದು ಶಿಫ್ಟ್ ಕೆಲಸ, ಒಳಗೆ ಮೊಬೈಲ್ ಒಯ್ಯುವಂತಿಲ್ಲ. ಅದು ನನಗೆ ಗೊತ್ತು. ಮದುವೆಗೆ ಮೊದಲೇ ಗೊತ್ತು. ಆದ್ರೂ ಮಧ್ಯಾಹ್ನ ಮೂರಾದ್ರೆ ಕೈ ತಣ್ಣಗೆ. ‘ಊಟ ಆಯ್ತಾ’ ಅಂತ ಒಂದು ಮೆಸೇಜ್. ಒಂದೇ ಟಿಕ್. ‘ಬ್ಯುಸಿನಾ’. ಒಂದೇ ಟಿಕ್. ‘ನನ್ನ ಮೇಲೆ ಸಿಟ್ಟಾ’. ನಾಲ್ಕಾಗೋದ್ರೊಳಗೆ ‘ನಿಮ್ಮ ದಾರಿ ನೀವು ನೋಡಿಕೊಳ್ಳಿ’ ಅಂತ ಬರೆದಾಗಿರ್ತಿತ್ತು. ಗೇಟಿನ ಹೊರಗೆ ಬಂದು ಫೋನ್ ಆನ್ ಮಾಡಿದ್ರೆ ಅವರಿಗೆ ಒಂದು ಇಡೀ ಸಂಸಾರ ಮುರಿದ ಕಥೆ ಸಾಲಾಗಿ ಬೀಳೋದು. ಅವರ ಧ್ವನಿ ಕೇಳಿದ ಕೂಡ್ಲೇ ನನಗೆ ಎಲ್ಲ ಸರಿ. ಅವರಿಗೆ ಸರಿ ಆಗೋಕೆ ಎರಡು ದಿನ ಬೇಕು. ಆ ಎರಡು ದಿನದ ಮೌನ ನನಗೆ ಮತ್ತೆ ಹೊಸ ಭಯ.

ಔಷಧಿ ಕೊಟ್ಟಿದ್ರು, ನಿದ್ದೆಗೆ, ಖಿನ್ನತೆಗೆ. ಬಿಪಿಡಿಗೇ ಅಂತ ಒಪ್ಪಿಗೆ ಪಡೆದ ಮಾತ್ರೆ ಇಲ್ಲ ಅಂತಲೂ ಅವರೇ ಹೇಳಿದ್ರು. ನನಗೆ ಹಿಡಿಸಿದ್ದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನೋ ಮಾತಿನ ಚಿಕಿತ್ಸೆ, ಆನ್‌ಲೈನ್‌ನಲ್ಲಿ. ಅದನ್ನ ಕಟ್ಟಿದ್ದು ಅಮೆರಿಕದ ಮಾರ್ಷಾ ಲೈನ್‌ಹನ್. ಹದಿಹರೆಯದಲ್ಲಿ ತಾನೂ ಆಸ್ಪತ್ರೆಯಲ್ಲಿ ಇದೇ ಥರ ನರಳಿದ್ದೆ ಅಂತ ಆಕೆ 2011ರಲ್ಲಿ ಎಲ್ಲರೆದುರು ಹೇಳಿಕೊಂಡಳು. ನನಗೆ ಥೆರಪಿಗಿಂತ ಮೊದಲು ಧೈರ್ಯ ಕೊಟ್ಟಿದ್ದು ಆ ಸಂಗತಿ.

ಕಲಿಸೋದು ತೀರಾ ಸಣ್ಣ ಕೆಲಸಗಳು. ತಲೆ ಬಿಸಿ ಏರಿದಾಗ ತಣ್ಣೀರಲ್ಲಿ ಮುಖ ಮುಳುಗಿಸಿ ಕೆಲವು ಸೆಕೆಂಡ್ ಉಸಿರು ಹಿಡಿಯೋದು (ಹೃದಯದ ತೊಂದರೆ ಇದ್ದವರು ಡಾಕ್ಟರನ್ನ ಕೇಳಬೇಕು). ಮೆಸೇಜ್ ಬರೆದು ಕಳಿಸದೆ ಇಡೋದು. ‘ನಡೆದದ್ದು ಏನು, ನಾನು ಸೇರಿಸಿದ್ದು ಏನು’ ಅಂತ ಎರಡು ಪಟ್ಟಿ ಬರೆಯೋದು. ಮೊದಲ ಪಟ್ಟಿಯಲ್ಲಿ ಹೆಚ್ಚಾಗಿ ಒಂದೇ ಸಾಲು: ಫೋನ್ ಎತ್ತಲಿಲ್ಲ. ಈಗಲೂ ಮೂರು ಗಂಟೆಗೆ ಕೈ ತಣ್ಣಗಾಗತ್ತೆ. ಮೆಸೇಜ್ ಹೋಗಲ್ಲ, ಅಷ್ಟೇ.

ಕವಳದ_ತಟ್ಟೆ
ಅಕ್ಕಾ, ಬರೆದಿದ್ದಕ್ಕೆ 🙏

ದೇವಿಮನೆ_ತಿರುವು
ಇದನ್ನ ನನ್ನ ತಂಗಿಗೆ ಕಳಿಸ್ತಿದೇನೆ. ಭಾವನಿಗೂ.

ಮಿರ್ಜಾನ್_ಹುಡ್ಗಿ
ಒಂದು ತಕರಾರು. ಹೆಂಡತಿ ಪ್ರಶ್ನೆ ಮಾಡಿದ್ರೆ ಹಿಂದೆ ‘ಹುಚ್ಚಿ’, ಈಗ ‘ಬಾರ್ಡರ್‌ಲೈನ್’. ಅಣ್ಣನೇ ಎರಡೆರಡು ದಿನ ಮಾತು ಬಿಟ್ಟು, ಯಾಕೆ ಹೆದರ್ತೀ ಅಂದ್ರೆ? ಯಾರಾದ್ರೂ ಹೆದರ್ತಾರೆ. ಈ ಹಣೆಪಟ್ಟಿ ಹೆಂಗಸರಿಗೇ ಯಾಕೆ ಹೆಚ್ಚು?

ಅಘನಾಶಿನಿ
ತಕರಾರು ಸರಿಯಾಗೇ ಇದೆ. ಆಸ್ಪತ್ರೆಗಳಲ್ಲಿ ಬಿಪಿಡಿ ಅಂತ ಗುರುತಾದವರಲ್ಲಿ ಹೆಂಗಸರೇ ಬಹಳ, ಆದ್ರೆ ಊರೂರಲ್ಲಿ ಸಮೀಕ್ಷೆ ಮಾಡಿದಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ ಅಂತ ಕಂಡಿದೆ. ಅದೇ ತೊಂದರೆಯ ಗಂಡಸು ಕುಡುಕ, ಮುಂಗೋಪಿ ಅಂತ ಅನ್ನಿಸಿಕೊಂಡು ಡಾಕ್ಟರ್ ತನಕ ಬರೋದೇ ಇಲ್ಲ.

ಇನ್ನೊಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಗೆ ಬಂತಲ್ಲ, ಅದರಲ್ಲಿ ನಾರ್ಸಿಸಿಸ್ಟಿಕ್ ಅನ್ನೋ ಪ್ರತ್ಯೇಕ ರೋಗವೇ ಇಲ್ಲ. ವ್ಯಕ್ತಿತ್ವದ ತೊಂದರೆ ಇದೆಯಾ, ಇದ್ರೆ ಸೌಮ್ಯವಾ, ಮಧ್ಯಮವಾ, ತೀವ್ರವಾ, ಅದನ್ನ ಮೊದಲು ನೋಡು ಅನ್ನತ್ತೆ. ಬಾರ್ಡರ್‌ಲೈನ್ ಮಾದರಿ ಒಂದನ್ನ ಮಾತ್ರ ಹೆಚ್ಚುವರಿ ಗುರುತು ಅಂತ ಉಳಿಸಿಕೊಂಡಿದಾರೆ. ಬಲ್ಲವರೇ ಹೆಸರಿನ ಪಟ್ಟು ಸಡಿಲಿಸಿರುವಾಗ ಊಟದ ಮನೆಯಲ್ಲಿ ನಾವು ಯಾಕೆ ಹಿಡಿಯೋದು?

ಬೇಲೇಕೇರಿ_ಗಾಳಿ
ಅಂಕೋಲಾ ಕಡೆಯವ. ನಮ್ಮಪ್ಪನಿಗೆ ಯಾವ ಡಾಕ್ಟರೂ ಏನೂ ಹೇಳಿಲ್ಲ, ಹೇಳೋಕೆ ಅವರು ಬಿಟ್ಟೂ ಇಲ್ಲ. ನಾನು ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ತಂದ್ರೆ ‘ನನ್ನ ತರಬೇತಿ’, ಇಂಟರ್‌ವ್ಯೂನಲ್ಲಿ ಬಿದ್ರೆ ‘ಅವನ ತಾಯಿಯ ಕಡೆ ಬುದ್ಧಿ’. ಅವ್ವ ಜ್ವರದಲ್ಲಿ ಮಲಗಿದ್ರೆ ‘ನನಗೆ ಚಾ ಕೊಡೋರು ಯಾರು’ ಅಂತ ಕೇಳಿದ ಮನುಷ್ಯ. ನಾನು ಕನಿಕರದಿಂದ ಬರೀತಿಲ್ಲ, ಮೊದಲೇ ಹೇಳ್ತೇನೆ.

ನಿವೃತ್ತಿ ಆದ ವರ್ಷ ಚೌತಿ ಹಬ್ಬ. ಅಧಿಕಾರದಲ್ಲಿದ್ದಾಗ ಗಣಪತಿ ನೋಡೋ ನೆಪದಲ್ಲಿ ಅಂಗಳ ತುಂಬ್ತಿತ್ತು. ಅವತ್ತೂ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿ ಜಗಲಿಯಲ್ಲಿ ಕೂತ್ರು. ಬಂದವರು ಪಕ್ಕದ ಮನೆ ಮಕ್ಕಳು, ಪಂಚಕಜ್ಜಾಯಕ್ಕೆ. ಸಂಜೆ ತನಕ ಅಂಗಿ ಬಿಚ್ಚಲಿಲ್ಲ. ರಾತ್ರಿ ಅವ್ವನ ಮೇಲೆ ಪಾತ್ರೆ ಎಸೆದ್ರು. ಎರಡೂ ನಿಜ. ಅಂಗಿ ನೋಡಿ ಪಾಪ ಅನ್ನಿಸಿತು ಅಂತ ಪಾತ್ರೆ ಎಸೆದದ್ದನ್ನ ಮಾಫಿ ಮಾಡೋಕಾಗಲ್ಲ.

ಈಗ ನಾನು ವಾದ ಮಾಡೋದಿಲ್ಲ. ಬೈಗುಳ ಶುರುವಾದ್ರೆ ‘ನಾಳೆ ಮಾತಾಡುವ’ ಅಂತ ಫೋನ್ ಇಡ್ತೇನೆ, ನಾಳೆ ಮಾಡ್ತೇನೆ ಕೂಡ. ಅವ್ವನ ಹೆಸರಲ್ಲಿ ಬ್ಯಾಂಕ್ ಖಾತೆ ಬೇರೆ ಮಾಡಿಸಿದೆ. ಇದಕ್ಕೆಲ್ಲ ರೋಗದ ಹೆಸರು ಬೇಕಾಗಲಿಲ್ಲ.

ತದಡಿ_ಬೋಟ್
ಅದನ್ನೇ ‘ಗ್ರೇ ರಾಕ್’ ಅನ್ನೋದು. ಕಲ್ಲಿನ ಹಾಗಿರಬೇಕು, ಹೂಂ ಉಹೂಂ ಬಿಟ್ಟು ಮಾತಿಲ್ಲ. ಮಾಣಿ, ನಿಮ್ಮನೇಲಿ ಎಲ್ಲರೂ ಇದನ್ನೇ ಮಾಡಿ.

ಅಘನಾಶಿನಿ
ತದಡಿ ಅವರೇ, ಇಲ್ಲೇ ಜಾಗ್ರತೆ ಬೇಕು. ಸದಾ ಜಗಳಕ್ಕೆ ಕಾಯೋರ ಮುಂದೆ ಇದು ಸ್ವಲ್ಪ ಹೊತ್ತಿಗೆ ಉಪಯೋಗಕ್ಕೆ ಬರಬಹುದು. ಬಿಟ್ಟು ಹೋಗೋ ಭಯ ಇರೋರ ಮುಂದೆ ಕಲ್ಲಾಗಿ ಕೂತ್ರೆ ಬೆಂಕಿಗೆ ತುಪ್ಪ. ಅಲ್ಲಿ ಮಾಡಬೇಕಾದ್ದು ತದ್ವಿರುದ್ಧ: ‘ನಿನಗೆ ಹೆದರಿಕೆ ಆಗಿದೆ ಅಂತ ಗೊತ್ತಾಯ್ತು. ನಾನು ಪೇಟೆಯಲ್ಲಿದ್ದೆ, ಏಳಕ್ಕೆ ಬರ್ತೇನೆ’ ಅಂತ ಹೇಳಿ ಏಳಕ್ಕೆ ಬರೋದು. ಅವರು ಅಂದಿದ್ದೆಲ್ಲ ಒಪ್ಪಬೇಕಾಗಿಲ್ಲ, ಭಯ ನಿಜ ಅಂತ ಒಪ್ಪಿದ್ರೆ ಸಾಕು.

ಮಾಣಿ ಮನೆಯ ಗಂಟು ಇದೇ ಅಂತ ನನ್ನ ಊಹೆ. ಅಣ್ಣನಿಗೆ ಅವಮಾನ ಆದ್ರೆ ಮಾತು ಬಿಡ್ತಾನೆ. ಮಾತು ಬಿಟ್ರೆ ಅತ್ತಿಗೆಗೆ ಕೈಬಿಟ್ಟ ಅನ್ನೋ ಭಯ. ಆ ಭಯದಲ್ಲಿ ಆಡಿದ ಮಾತು ಅವನಿಗೆ ಮತ್ತೆ ಅವಮಾನ. ಇಬ್ಬರಿಗೂ ಡಿಸಾರ್ಡರ್ ಇಲ್ಲದೆಯೂ ಈ ಚಕ್ರ ತಿರುಗತ್ತೆ.

ಬೆಟ್ಟದ_ಭಟ್ರು
ಜಾತಕ ತೋರಿಸಿ, ದೇವರ ಮುಂದೆ ಪ್ರಶ್ನೆ ಇಡಿಸಿ. ಸರ್ಪದೋಷವೂ ಇರಬಹುದು.

ನೈಟ್‌ಡ್ಯೂಟಿ_ಅಕ್ಕ
ಇಡಿಸಿ ಭಟ್ರೇ, ಬೇಡ ಅನ್ನಲ್ಲ. ಡಾಕ್ಟರ್ ಹತ್ರ ಹೋಗಿ ಬಂದ ಮೇಲೆ ಇಡಿಸಿ.

ಬಡಗುತಿಟ್ಟು
ಈ ನಾರ್ಸಿಸಿಸ್ಟ್‌ಗಳಿಗೆ ಮದ್ದಿಲ್ಲ ಅಂತ ಎಲ್ಲ ವಿಡಿಯೊದವರೂ ಹೇಳ್ತಾರೆ, ಓಡಿ ಹೋಗಿ ಅಂತ. ಮತ್ತೆ ಡಾಕ್ಟರ್ ಯಾಕೆ?

ಅಘನಾಶಿನಿ
ಮಾತ್ರೆ ಇಲ್ಲ ಅನ್ನೋದು ಸರಿ, ಮದ್ದಿಲ್ಲ ಅನ್ನೋದು ಸರಿಯಲ್ಲ. ಕೋಹುಟ್, ಕರ್ನ್‌ಬರ್ಗ್ ಅಂಥ ಮನೋವಿಶ್ಲೇಷಕರು ಐವತ್ತು ವರ್ಷದ ಹಿಂದೆಯೇ ಇಂಥವರಿಗೆ ಮಾತಿನ ಚಿಕಿತ್ಸೆ ಮಾಡಿ ಬರೆದಿಟ್ಟಿದಾರೆ. ನಿಧಾನ, ಹಾಗೂ ಬಿಪಿಡಿಗೆ ಇರುವಷ್ಟು ಪುರಾವೆ ಇದಕ್ಕಿಲ್ಲ. ಅವರು ‘ನಾನು ನಾರ್ಸಿಸಿಸ್ಟ್, ಸರಿ ಮಾಡಿ’ ಅಂತ ಬರಲ್ಲ. ಕುಡಿತ, ಖಿನ್ನತೆ, ಕೆಲಸ ಹೋದದ್ದು, ಹೆಂಡತಿ ಬಿಟ್ಟು ಹೋದದ್ದು, ಇಂಥ ಬಾಗಿಲಿಂದ ಬರ್ತಾರೆ. ಆ ಬಾಗಿಲು ತೆರೆದಿರಬೇಕು.

ಬಿಪಿಡಿ ಬಗ್ಗೆ ಒಂದು ಒಳ್ಳೆ ಸುದ್ದಿ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ತಂಡ 290 ರೋಗಿಗಳನ್ನ 10 ವರ್ಷ ಹಿಂಬಾಲಿಸಿತು. ಅವರಲ್ಲಿ 93% ಜನ ಕನಿಷ್ಠ 2 ವರ್ಷ ರೋಗದ ಮಾನದಂಡದಿಂದ ಹೊರಗಿದ್ರು. ಕೆಲಸ, ಸಂಬಂಧ ಎರಡೂ ನೆಟ್ಟಗಾಗಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು. ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನೋರಿಗೆ ಈ ಲೆಕ್ಕ ತೋರಿಸಿ.

ಮಿರ್ಜಾನ್_ಹುಡ್ಗಿ
ಸರಿ, ಆದ್ರೆ ಹೊಡೆತ ಬಡಿತ ಇದ್ರೆ ‘ಅವನಿಗೆ ಡಿಸಾರ್ಡರ್ ಪಾಪ’ ಅಂತ ಕೂರೋದು ಬೇಡ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಕೈ ಎತ್ತೋದಷ್ಟೇ ಅಲ್ಲ, ಮಾತಿನ, ಮನಸ್ಸಿನ, ದುಡ್ಡಿನ ಹಿಂಸೆಯೂ ಸೇರಿದೆ. ಮಹಿಳಾ ಸಹಾಯವಾಣಿ 181.

ಅಪ್ಪೆಮಿಡಿ
ನಡುವೆ ಕೇಳ್ತೇನೆ, ಬೇಜಾರಾಗ್ಬೇಡಿ. ಚಾಲಿ ಅಡಿಕೆ ದರ ಇವತ್ತು ಎಷ್ಟಾಗಿದೆ ಯಾರಿಗಾದ್ರೂ ಗೊತ್ತಾ?

ಕವಳದ_ತಟ್ಟೆ
ಇಲ್ಲಿ ಯಾಕ್ರೀ 😂 ಮಾಣಿ ಅಣ್ಣನ್ನ ಕೇಳಿ, ದರ ಏರಿಸಿದ್ದೂ ನಾನೇ ಅಂತಾನೆ.

ಹುಲೇಕಲ್_ಮಾಣಿ
ತಟ್ಟೆ, ಅದನ್ನ ಅವ ನಿಜಕ್ಕೂ ಹೇಳಿದ್ದ 🤦

ವಿಷಯಕ್ಕೆ ಬರ್ತೇನೆ. ಹೆಂಡತಿ ನಿನ್ನೆ ರಾತ್ರಿ ಅಡಿಕೆ ಸುಲಿಯೋಕೆ ಕೂತಾಗ ಕೇಳಿದ್ಲು, ನೈಟ್‌ಡ್ಯೂಟಿ ಅಕ್ಕ ಹೇಳಿದ ಹಾಗೇ. ಅತ್ತಿಗೆ ಮೊದಲು ಮೆಟ್ಟುಗತ್ತಿಯಿಂದ ಕಣ್ಣು ಎತ್ತಲಿಲ್ಲ. ಆಮೇಲೆ ಗೆರೆ ತಾನೇ ಮಾಡಿಕೊಂಡದ್ದು ಅಂದ್ರು, ಸಾಯೋಕೆ ಅಲ್ಲ, ‘ಒಳಗಿನದು ಸ್ವಲ್ಪ ಹೊತ್ತು ಸುಮ್ನಾಗ್ಲಿ’ ಅಂತ. ಮದುವೆಗಿಂತ ಮೊದಲೂ ಇತ್ತಂತೆ. ಆಯಿ ಈಗ ಅವರ ಕೋಣೆಯಲ್ಲೇ ಮಲಗ್ತಿದಾಳೆ, ಸೊಂಟ ನೋವು ಅನ್ನೋ ನೆಪ. 14416ಕ್ಕೂ ಅತ್ತಿಗೆಯೇ ಮಾತಾಡಿದ್ರು. ಕಾಳಿ_ಸೇತುವೆ ಅವರು ಬರೆದದ್ದನ್ನ ಹೆಂಡತಿ ಓದಿ ಹೇಳಿದ್ಲು, ‘ಒಂದೇ ಟಿಕ್’ ಬಂದಲ್ಲಿ ನಿಲ್ಲಿಸಿ ಮತ್ತೊಮ್ಮೆ ಓದಿಸಿದ್ರಂತೆ. ಡಾಕ್ಟರ್ ಹತ್ರ ಹೋಗೋಕೆ ತಯಾರು.

ಅಣ್ಣನಿಗೆ ಹೇಳಿದೆ. ‘ಕಾರು ಓಡಿಸೋಕೆ ಬರ್ತೇನೆ, ಚೀಟಿ ಮಾತ್ರ ನನ್ನ ಹೆಸರಲ್ಲಿ ಮಾಡಿಸಬಾರದು’ ಅಂದ.

ಕಾಳಿ_ಸೇತುವೆ
ಬರ್ಲಿ. ನಮ್ಮನೆಯವರೂ ಮೊದಲ ಸಲ ಹೊರಗಿನ ಬೆಂಚಲ್ಲೇ ಕೂತಿದ್ರು. ಡಾಕ್ಟರ್ ಕರೆದ್ರೆ ಒಳಗೆ ಹೋಗು ಅಂತ ಅಷ್ಟೇ ಹೇಳಿಡಿ. ಅತ್ತಿಗೆಗೆ ಬೇಕಿದ್ರೆ ನನಗೆ ಮೆಸೇಜ್ ಮಾಡ್ಲಿ. ತಡವಾದ್ರೂ ಉತ್ತರ ಕೊಡ್ತೇನೆ ಅಂತ ಮೊದಲೇ ಹೇಳಿ!

ಹುಲೇಕಲ್_ಮಾಣಿ
ಎಲ್ಲಿಗೆ ಹೋಗೋದು? ಧಾರವಾಡವಾ, ಇಲ್ಲೇ ಆಗತ್ತಾ?

ನೈಟ್‌ಡ್ಯೂಟಿ_ಅಕ್ಕ
ಮೊದಲು ಹತ್ತಿರದ್ದು ನೋಡಿ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ಈ ವಾರ ಬರ್ತಾರಾ ಅಂತ ಫೋನ್ ಮಾಡಿ ಕೇಳಿ ಹೊರಡಿ. ಅವರೇ ಮುಂದಕ್ಕೆ ಬರೆದುಕೊಟ್ರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹಳೇ ಔಷಧಿ ಚೀಟಿ, ಥೈರಾಯ್ಡ್ ರಿಪೋರ್ಟ್ ಇದ್ರೆ ಒಯ್ಯಿರಿ. ಡಾಕ್ಟರ್ ಎದುರು ‘ಇವಳು ಬಾರ್ಡರ್‌ಲೈನ್’ ಅಂತ ನೀವೇ ತೀರ್ಪು ಕೊಡಬೇಡಿ, ನಡೆದದ್ದನ್ನ ಹೇಳಿ. ಗೆರೆ ವಿಷಯ ಅವರೇ ಹೇಳ್ಲಿ, ಹೇಳದಿದ್ರೆ ಮಾತ್ರ ನಿಮ್ಮ ಹೆಂಡತಿ ಹೇಳ್ಲಿ. ನಡುವೆ ಸಾಯೋ ಮಾತು ಬಂದ್ರೆ ಮಂಗಳವಾರ ಕಾಯಬೇಡಿ.

ಹುಲೇಕಲ್_ಮಾಣಿ
ಬರ್ಕೊಂಡೆ. ಸೋಮವಾರ ಫೋನ್ ಮಾಡ್ತೇನೆ.

ಅಪ್ಪೆಮಿಡಿ
ಒಳ್ಳೇದಾಗ್ಲಿ. ಚಾಲಿ ದರ ಯಾರೂ ಹೇಳಲೇ ಇಲ್ಲ.